ಇಲಿ ಮಿದುಳಿನ ಶಬ್ದ ನಕ್ಷೆ: ಸಾಲಾಗಿದೆಯಾ, ಚೆಲ್ಲಾಪಿಲ್ಲಿಯಾ?

ನಮ್ಮ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗಿನ ಶಬ್ದ ಕೇಳಿಸುತ್ತದೆ. ಇಲಿಗೆ 80 ಕಿಲೋಹರ್ಟ್ಸ್‌ನ ಆಚೆಗೂ ಕೇಳಿಸುತ್ತದೆ. ಗೂಡಿನಿಂದ ಹೊರಗೆ ಬಿದ್ದ ಮರಿ ಕೂಗಿದರೆ ತಾಯಿ ಓಡಿ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ, ಪಕ್ಕದಲ್ಲೇ ಕೂತ ನಮಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಶಬ್ದಗಳನ್ನು ಆ ಪುಟ್ಟ ಮಿದುಳು ಯಾವ ಕ್ರಮದಲ್ಲಿ ಹಂಚಿಟ್ಟುಕೊಂಡಿದೆ ಅನ್ನೋದು ದೊಡ್ಡ ತಕರಾರಾಗಿಬಿಟ್ಟಿತು.

ಕಿವಿಯೊಳಗಿನ ಮಟ್ಟಿಗೆ ತಕರಾರಿಲ್ಲ. ಅಲ್ಲಿ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗಿನ ಪೊರೆ ಬುಡದಲ್ಲಿ ಬಿಗಿ, ತುದಿಯಲ್ಲಿ ಸಡಿಲ. ಕೀರಲು ದನಿಗೆ ಬುಡ ಹೆಚ್ಚು ಅಲುಗುತ್ತದೆ, ದಪ್ಪ ದನಿಗೆ ತುದಿ. ಇದನ್ನು ತೋರಿಸಿದ ಗಿಯಾರ್ಗ್ ಫಾನ್ ಬೆಕೆಶಿಗೆ 1961ರಲ್ಲಿ ನೊಬೆಲ್ ಸಿಕ್ಕಿತು. ಅಲ್ಲಿಂದ ಹೊರಟ ನರಗಳು ಅದೇ ಸಾಲು ಕಾಪಾಡಿಕೊಂಡೇ ಮೇಲಕ್ಕೆ ಹೋಗುತ್ತವೆ. ಈ ಸಾಲಿಗೇ ಟೋನೋಟೊಪಿ ಅನ್ನುತ್ತಾರೆ.

ಗಲಾಟೆ ಶುರುವಾಗುವುದು ಕಾರ್ಟೆಕ್ಸ್‌ನಲ್ಲಿ, ಅಂದರೆ ಮಿದುಳಿನ ಮೇಲ್ಪದರದಲ್ಲಿ. 1942ರಲ್ಲಿ ವುಲ್ಸಿ ಮತ್ತು ವಾಲ್ಜ್ಲ್ ಎಂಬ ಸಂಶೋಧಕರು ಬೆಕ್ಕಿನಲ್ಲಿ ಈ ಸಾಲನ್ನು ಕಂಡರು. 60ರ ದಶಕದಲ್ಲಿ ಅರಿವಳಿಕೆ ಕೊಡದ ಬೆಕ್ಕುಗಳನ್ನು ಪರೀಕ್ಷಿಸಿದವರು ಸಾಲು ಅಷ್ಟೇನೂ ಕಾಣಿಸಲ್ಲ ಅಂದರು. 1975ರಲ್ಲಿ ಮರ್ಜೆನಿಕ್ ತಂಡ ನರಕೋಶಗಳ ವಿದ್ಯುತ್ ಮಿಡಿತ ಹಿಡಿಯುವ ಸೂಜಿಯನ್ನು, ಅಂದರೆ ಎಲೆಕ್ಟ್ರೋಡನ್ನು, ಒತ್ತೊತ್ತಾಗಿ ಇಳಿಸಿ ನೋಡಿ, ಸಾಲು ಇದ್ದೇ ಇದೆ ಅಂದಿತು. ಇಲಿಯ ಸರದಿ ಬಂದಿದ್ದು ತಡವಾಗಿ. 1997ರಲ್ಲಿ ಜರ್ಮನಿಯ ಉಲ್ಮ್‌ನ ಗುಂಟರ್ ಎರೆಟ್ ತಂಡ ಇಲಿಯ ನಕ್ಷೆ ಬಿಡಿಸಿತು: ಒಂದಕ್ಕೊಂದು ಕನ್ನಡಿ ಹಿಡಿದಂತಿರುವ ಎರಡು ಮುಖ್ಯ ಭಾಗ, ಮೇಲೆ, ನಮಗೆ ಕೇಳಿಸದಷ್ಟು ಕೀರಲು ದನಿಗೆ, ಅಂದರೆ ಅಲ್ಟ್ರಾಸೌಂಡ್‌ಗೇ ಮೀಸಲಾದ ಒಂದು ತುಣುಕು. ಪಠ್ಯಪುಸ್ತಕಕ್ಕೆ ಹೇಳಿ ಮಾಡಿಸಿದ ಚಿತ್ರ.

ಅದು ಕದಡಿದ್ದು 2010ರಲ್ಲಿ. ಅಮೆರಿಕದ ಮೇರಿಲ್ಯಾಂಡ್‌ನಿಂದ ಬಂದ್ಯೋಪಾಧ್ಯಾಯ, ಶಮ್ಮಾ, ಕಾನೊಲ್ಡ್, ಜೆರುಸಲೇಮ್‌ನಿಂದ ರಾತ್‌ಶೈಲ್ಡ್, ನೆಲ್ಕೆನ್, ಮಿಜ್ರಾಹಿ, ಹೀಗೆ ಎರಡು ತಂಡಗಳು ಒಂದೇ ವರ್ಷ ಒಂದೇ ಮಾತು ಹೇಳಿದವು. ನರಕೋಶ ಮಿಡಿದಾಗ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ. ಆ ಕ್ಯಾಲ್ಸಿಯಂಗೆ ಹೊಳೆಯುವ ಬಣ್ಣವನ್ನು ಕೋಶಗಳಿಗೆ ತುಂಬಿ, ಟೂ-ಫೋಟಾನ್ ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಕೋಶವನ್ನು ನೋಡಿದರೆ, ಪಕ್ಕಪಕ್ಕದಲ್ಲೇ ಕೂತ ಕೋಶಗಳ ಇಷ್ಟದ ಸ್ವರಗಳ, ಅಂದರೆ ಅವು ಹೆಚ್ಚು ಮಿಡಿಯುವ ಸ್ವರಗಳ, ನಡುವೆ ಒಂದು ಸ್ಥಾಯಿಗಿಂತ ಜಾಸ್ತಿ ಅಂತರ ಇರಬಹುದು! ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹಾಗೆ.

ಹಾಗಾದರೆ ಹಳಬರು ಸುಳ್ಳು ಹೇಳಿದ್ರಾ? ಇಲ್ಲ. ಎಲೆಕ್ಟ್ರೋಡ್ ಸಾಮಾನ್ಯವಾಗಿ ಸುತ್ತಲಿನ ಹಲವು ಕೋಶಗಳ ದನಿಯನ್ನು ಒಟ್ಟಿಗೇ ಹಿಡಿಯುತ್ತದೆ, ಅದೂ ಜಾಸ್ತಿ ಮಟ್ಟಿಗೆ ಕಾರ್ಟೆಕ್ಸ್‌ನ ನಡುಪದರಗಳಲ್ಲಿ. ಕಿವಿಯ ಸುದ್ದಿ ಮಿದುಳಿನೊಳಗಿನ ಥಾಲಮಸ್ ಎಂಬ ಕೊಂಡಿ ದಾಟಿ ಮೊದಲು ಬಂದಿಳಿಯುವ ಮುಖ್ಯ ಜಾಗ ಅದೇ. ಹೊಸ ಸೂಕ್ಷ್ಮದರ್ಶಕ ನೋಡಿದ್ದು ಅದಕ್ಕಿಂತ ಮೇಲಿನ ಪದರಗಳನ್ನು. ಅಲ್ಲಿನ ಕೋಶಗಳು ದೂರದೂರದಿಂದ ಸುದ್ದಿ ತರಿಸಿಕೊಂಡು ಬೆರೆಸುತ್ತವೆ. 2013ರಲ್ಲಿ ಕಾನೊಲ್ಡ್ ಪ್ರಯೋಗಾಲಯವೇ ನಡುಪದರವನ್ನೂ ನೋಡಿ, ಅಲ್ಲಿ ಸಾಲು ಜಾಸ್ತಿ ನೆಟ್ಟಗಿದೆ ಅಂತ ತೋರಿಸಿತು. ಮರುವರ್ಷ ಜಾನ್ಸ್ ಹಾಪ್ಕಿನ್ಸ್ ತಂಡ ಎಚ್ಚರವಿರುವ ಇಲಿಗಳಲ್ಲಿ ಮೇಲಿನ ಪದರವೂ ಅಷ್ಟೇನೂ ಕೆಟ್ಟಿಲ್ಲ ಅಂದಿತು. ನನಗನ್ನಿಸುವುದು, ‘ಸಾಲು ಇದೆಯಾ ಇಲ್ವಾ’ ಅನ್ನೋ ಪ್ರಶ್ನೆಯೇ ಒರಟು. ಎಷ್ಟು ಹತ್ತಿರದಿಂದ, ಯಾವ ಪದರದಲ್ಲಿ ಅಂತ ಕೇಳಬೇಕು.

ಇನ್ನೊಂದು ಪೇಚು ಇಲಿಯದ್ದೇ. ಪ್ರಯೋಗಾಲಯಗಳಲ್ಲಿ ತುಂಬಾ ಬಳಸುವ ಸಿ57ಬಿಎಲ್/6 ತಳಿಗೆ ಹುಟ್ಟಿನಿಂದಲೇ ಒಂದು ಜೀನ್ ದೋಷವಿದೆ. ಕೆಲವೇ ತಿಂಗಳಲ್ಲಿ ಅದಕ್ಕೆ ಕೀರಲು ದನಿಗಳು ಕೇಳಿಸದಾಗಲು ಶುರುವಾಗುತ್ತದೆ. ಕೇಳಿಸದ ದನಿಯ ನಕ್ಷೆ ಬಿಡಿಸುವುದು ಹೇಗೆ? ಅದಕ್ಕೇ ಈಗ ಎಷ್ಟೋ ಜನ ಸಿಬಿಎ ತಳಿಯ ಜೊತೆ ಕೂಡಿಸಿ ಹುಟ್ಟಿಸಿದ ಇಲಿಗಳನ್ನೇ ಆರಿಸಿಕೊಳ್ಳುತ್ತಾರೆ.