ಶನಿಗೆ ಎರಡೇ ವರ್ಷ ಸಾಕಾ?

ಕಕ್ಷೆಯ ಲೆಕ್ಕ ಹಾಕುವುದು ನನ್ನ ಕೆಲಸ. ಹಾಗಾಗಿ ‘ಇಂಟರ್‌ಸ್ಟೆಲ್ಲರ್’ (2014) ಸಿನಿಮಾ ನೋಡಿದವರು ನನ್ನನ್ನು ಮೊದಲು ಕೇಳುವುದು ನೀರಿನ ಗ್ರಹದ ಬಗ್ಗೆ. ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ 7 ವರ್ಷ ಉರುಳುತ್ತಂತೆ, ನಿಜಾನಾ?

ಆಗಬಹುದು. ಆ ಗ್ರಹ ಸುತ್ತುವುದು ಭಾರೀ ಕಪ್ಪುಕುಳಿಯೊಂದರ (ಬ್ಲ್ಯಾಕ್ ಹೋಲ್) ಹತ್ತಿರ, ಅಲ್ಲಿ ಕಾಲ ನಿಧಾನವಾಗುತ್ತದೆ. ಚಿತ್ರಕ್ಕೆ ಈ ಲೆಕ್ಕ ಮಾಡಿಕೊಟ್ಟವರು ಭೌತವಿಜ್ಞಾನಿ ಕಿಪ್ ಥಾರ್ನ್. ಕಪ್ಪುಕುಳಿ ಸಾಧ್ಯವಾದ ಗರಿಷ್ಠ ವೇಗಕ್ಕೆ ತೀರಾ ಹತ್ತಿರದಲ್ಲಿ ತಿರುಗುತ್ತಿರಬೇಕು ಎಂಬುದೇ ಅವರ ಷರತ್ತು. ಗಗನಯಾತ್ರಿಗಳು ಆ ಗ್ರಹದಿಂದ ತಮ್ಮ ಬಾಹ್ಯಾಕಾಶ ಹಡಗಿಗೆ ವಾಪಸ್ ಬಂದಾಗ 23 ವರ್ಷ, 4 ತಿಂಗಳು, 8 ದಿನ ಕಳೆದಿರುತ್ತದೆ. ಗಂಟೆಗೆ 7 ವರ್ಷದಂತೆ ಭಾಗಿಸಿದರೆ ಸುಮಾರು 3 ಗಂಟೆ 20 ನಿಮಿಷ. ಇಳಿದದ್ದು, ಅಲೆ ಬಡಿದದ್ದು, ಎಂಜಿನ್‌ನಿಂದ ನೀರು ಇಳಿಯಲಿ ಅಂತ ಕಾದದ್ದು, ಎಲ್ಲಕ್ಕೂ ಆ ಹೊತ್ತು ಸಾಕು.

ನನಗೆ ತಕರಾರಿರುವುದು ಅದಕ್ಕಿಂತ ಮುಂಚಿನ ಒಂದು ಮಾತಿನ ಮೇಲೆ. ಚಿತ್ರದಲ್ಲಿ ಮಂಗಳಕ್ಕೆ 8 ತಿಂಗಳು, ಶನಿ ತಲುಪಲು ಒಟ್ಟು 2 ವರ್ಷ ಅನ್ನುತ್ತಾರೆ. ಮಂಗಳಕ್ಕೆ 8 ತಿಂಗಳು ಅಂದರೆ ಇಂಧನ ಉಳಿಸುವ ನಿಧಾನದ ದಾರಿ. ಆ ದಾರಿಯಲ್ಲಿ ಹೋದ ನೌಕೆ ಮಂಗಳದ ಹತ್ತಿರ ಬರುವಾಗ ಅದರ ವೇಗ ಸೆಕೆಂಡಿಗೆ ಸುಮಾರು 21 ಕಿ.ಮೀ. ಅಲ್ಲಿಂದ ಶನಿಯ ಕಕ್ಷೆಗೆ ಕಡಿಮೆ ಅಂದರೂ 120 ಕೋಟಿ ಕಿ.ಮೀ. ಉಳಿದ 16 ತಿಂಗಳಲ್ಲಿ ಅದನ್ನು ದಾಟಲು ಸರಾಸರಿಯೇ ಸೆಕೆಂಡಿಗೆ 28 ಕಿ.ಮೀ. ಬೇಕು. ದಾರಿಯುದ್ದಕ್ಕೂ ಸೂರ್ಯ ಹಿಂದಕ್ಕೆ ಎಳೆಯುತ್ತಾನೆ, ಆದ್ದರಿಂದ ಹೊರಡುವಾಗಿನ ವೇಗ ಇನ್ನೂ ತುಂಬಾ ಜಾಸ್ತಿ ಇರಬೇಕು. ಮಂಗಳ ಸಣ್ಣ ಗ್ರಹ. ಅದರ ಗುರುತ್ವದಿಂದ ಸಿಗುವ ತಳ್ಳು ಅಷ್ಟಕ್ಕೆ ಏನೇನೂ ಸಾಲದು.

ಹಾಗಂತ ಎರಡು ವರ್ಷ ಪೂರ್ತಿ ಕಟ್ಟುಕಥೆಯೂ ಅಲ್ಲ. 2006ರ ಜನವರಿಯಲ್ಲಿ ಪ್ಲೂಟೋ ಕಡೆಗೆ ಹೊರಟ ನಾಸಾದ ನ್ಯೂ ಹೊರೈಜನ್ಸ್ ನೌಕೆ 78 ದಿನಕ್ಕೇ ಮಂಗಳದ ಕಕ್ಷೆ ದಾಟಿತು. 2008ರ ಜೂನ್‌ನಲ್ಲಿ ಶನಿಯ ಕಕ್ಷೆಯನ್ನೂ ದಾಟಿತು. ಆದರೆ ಅದು ಎಲ್ಲೂ ನಿಲ್ಲಬೇಕಿರಲಿಲ್ಲ, ಪ್ಲೂಟೋ ಪಕ್ಕದಲ್ಲೂ ಹಾದುಹೋಯಿತಷ್ಟೇ. ಶನಿಯ ಸುತ್ತ ನಿಲ್ಲಲೇಬೇಕಿದ್ದ ಕ್ಯಾಸಿನಿ ನೌಕೆ 1997ರಲ್ಲಿ ಹೊರಟು 2004ರಲ್ಲಿ ಮುಟ್ಟಿತು.

ನಿಲ್ಲಿಸುವುದು ಎಷ್ಟು ದುಬಾರಿ ಅಂತ ಮಂಗಳಯಾನವನ್ನೇ ನೋಡಿ. 2014ರ ಸೆಪ್ಟೆಂಬರ್ 24ರಂದು ಅದು ಎಂಜಿನ್ ಅನ್ನು ಸುಮಾರು 24 ನಿಮಿಷ ಉರಿಸಿ, ಹತ್ತಿರ ಹತ್ತಿರ 250 ಕೆ.ಜಿ. ಇಂಧನ ಖರ್ಚು ಮಾಡಿತು. ತಗ್ಗಿದ ವೇಗ ಸೆಕೆಂಡಿಗೆ 1.1 ಕಿ.ಮೀ. ಮಾತ್ರ.

ಈಗ ಮತ್ತೆ ನೀರಿನ ಗ್ರಹಕ್ಕೆ ಬನ್ನಿ. ಥಾರ್ನ್ ಲೆಕ್ಕದ ಪ್ರಕಾರ ಆ ಗ್ರಹ ಸುತ್ತುವುದು ಬೆಳಕಿನ ಅರ್ಧಕ್ಕೂ ಹೆಚ್ಚು ವೇಗದಲ್ಲಿ. ದೂರದಲ್ಲಿರುವ ಹಡಗಿನಿಂದ ಸಣ್ಣ ನೌಕೆಯೊಂದು ಅಲ್ಲಿಗೆ ಇಳಿಯಬೇಕಾದರೆ ತನ್ನ ವೇಗವನ್ನು ಸೆಕೆಂಡಿಗೆ ಸುಮಾರು 1 ಲಕ್ಷ ಕಿ.ಮೀ.ನಷ್ಟು ಬದಲಿಸಿಕೊಳ್ಳಬೇಕು. ಯಾವ ರಾಕೆಟ್‌ಗೂ ಆಗದ ಕೆಲಸ ಇದು. ಅದಕ್ಕೆ ಚಿತ್ರದವರು, ನ್ಯೂಟ್ರಾನ್ ನಕ್ಷತ್ರವೊಂದನ್ನು (ಸತ್ತ ನಕ್ಷತ್ರದ ತೀರಾ ದಟ್ಟವಾದ ಉಳಿಕೆ) ಸುತ್ತಿ, ಅದರ ಗುರುತ್ವದಿಂದ ವೇಗ ಬದಲಿಸಿಕೊಳ್ಳುತ್ತೇವೆ ಅನ್ನುತ್ತಾರೆ. ಥಾರ್ನ್ ಅವರ ಪುಸ್ತಕದಲ್ಲಿ ಆ ಕೆಲಸಕ್ಕೆ ಬೇಕಿರುವುದು ಮಧ್ಯಮ ಗಾತ್ರದ ಇನ್ನೊಂದು ಕಪ್ಪುಕುಳಿ. ‘ಒಂದು ಗಂಟೆಗೆ ಏಳು ವರ್ಷ’ದ ಬಗ್ಗೆ ವಾದ ಮಾಡುವವರು ಈ ಜಾಗವನ್ನೂ ಸ್ವಲ್ಪ ಕೆದಕಬೇಕು ಅನ್ನುವುದು ನನ್ನ ಆಸೆ.