ಹೆಸರು ಇಲ್ಲಿ, ಎಲುಬು ಇನ್ನೆಲ್ಲೋ

2022ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹಳೆಯ ಸೇಂಟ್ ಪ್ಯಾಂಕ್ರಸ್ ಚರ್ಚಿನ ಅಂಗಳದಲ್ಲಿ ಒಂದು ಆಶ್ ಮರ ಉರುಳಿತು. ಅದರ ಬುಡದ ಸುತ್ತ ನೂರಾರು ಸಮಾಧಿ ಕಲ್ಲುಗಳನ್ನು ಒಂದಕ್ಕೊಂದು ಒತ್ತಿ ದುಂಡಗೆ ನಿಲ್ಲಿಸಿದ್ದರು. ಅದರಲ್ಲಿ ಯಾವ ಕಲ್ಲಿನ ಕೆಳಗೂ ಆ ಹೆಸರಿನವರಿಲ್ಲ.

ಇದಕ್ಕೆಲ್ಲ ಮೂಲ ಜಾಗದ ತಾಪತ್ರಯ. ಲಂಡನ್ ಬೆಳೆದಂತೆ ಚರ್ಚಿನ ಅಂಗಳಗಳು ತುಂಬಿದವು. ಹೂಳಿದವರ ಮೇಲೇ ಹೂಳಬೇಕಾಯಿತು. ಕಾಲರಾ ಭಯ ಬೇರೆ. 1852ರ ಕಾಯ್ದೆ ಬಂದ ಮೇಲೆ ನಗರದೊಳಗಿನ ಇಂಥ ಸ್ಮಶಾನಗಳು ಒಂದೊಂದಾಗಿ ಮುಚ್ಚಿದವು. ಊರ ನಡುವೆ ಸುಮ್ನೆ ಬಿದ್ದಿರುವ ಜಾಗದ ಮೇಲೆ ಕಣ್ಣು ಬೀಳದೆ ಇರುತ್ತಾ? ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಗೆ ಹಳಿ ಹಾಕಲು ಅಂಗಳದ ಒಂದು ಭಾಗ ಬೇಕಾಯಿತು.

1860ರ ದಶಕದ ಮಧ್ಯದಲ್ಲಿ ಅಗೆತ ಶುರುವಾಯಿತು. ತೆಗೆದ ಎಲುಬುಗಳನ್ನು ನಿಜಕ್ಕೂ ಮತ್ತೆ ಹೂಳುತ್ತಾರಾ ಎಂಬ ಅನುಮಾನ ಚರ್ಚಿನವರಿಗಿತ್ತು. ಉಸ್ತುವಾರಿ ಆರ್ಥರ್ ಬ್ಲೋಮ್‌ಫೀಲ್ಡ್ ಎಂಬ ವಾಸ್ತುಶಿಲ್ಪಿಗೆ ಬಂತು. ಅವರು ತಮ್ಮ ಕಚೇರಿಯ ಯುವಕನೊಬ್ಬನನ್ನು ಸಂಜೆ ಹೊತ್ತು ಅಲ್ಲಿಗೆ ಕಳಿಸುತ್ತಿದ್ದರು. ಆತ ಥಾಮಸ್ ಹಾರ್ಡಿ, ಮುಂದೆ ಹೆಸರಾಂತ ಕಾದಂಬರಿಕಾರ. ಕೆಲಸ ನಡೆಯುತ್ತಿದ್ದುದು ರಾತ್ರಿ, ಹಲಗೆಗಳ ಮರೆಯಲ್ಲಿ. ಒಮ್ಮೆ ಎತ್ತುವಾಗ ಶವಪೆಟ್ಟಿಗೆಯೊಂದು ಒಡೆದುಹೋಯಿತು. ಒಳಗಿದ್ದದ್ದು ಒಂದು ಅಸ್ಥಿಪಂಜರ, ಎರಡು ತಲೆಬುರುಡೆ! ಎಷ್ಟೋ ವರ್ಷಗಳ ನಂತರ ಭೇಟಿಯಾದಾಗಲೂ ಇಬ್ಬರೂ ಆ ಎರಡು ತಲೆಯವನನ್ನು ನೆನೆದರಂತೆ.

ಉರುಳಿದ ಮರಕ್ಕೆ 'ಹಾರ್ಡಿ ಮರ' ಎಂದೇ ಹೆಸರು. ಅದರ ಸುತ್ತ ಕಲ್ಲುಗಳನ್ನು ಜೋಡಿಸಿದ್ದು ಹಾರ್ಡಿಯೇ ಎಂಬುದು ಕಥೆ. ಆದರೆ 1926ರ ಚಿತ್ರವೊಂದರಲ್ಲಿ ಕಲ್ಲಿನ ಗುಡ್ಡೆ ಇದೆ, ಮರವೇ ಇಲ್ಲ. ಕಥೆ ಚೆನ್ನಾಗಿದ್ದರೆ ಯಾರು ಕೇಳುತ್ತಾರೆ, ಅಲ್ವಾ?

ಇಲ್ಲಿಂದ ಎದ್ದು ಹೋದವರೆಲ್ಲ ರೈಲಿಗಾಗಿ ಹೋದವರಲ್ಲ. ಹೆಣ್ಣುಮಕ್ಕಳ ಹಕ್ಕಿಗಾಗಿ ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ತೀರಿಕೊಂಡದ್ದು 1797ರಲ್ಲಿ. 1851ರಲ್ಲಿ ಮೊಮ್ಮಗ ಅವರ ಅವಶೇಷಗಳನ್ನು ಬೋರ್ನ್‌ಮತ್‌ಗೆ ಒಯ್ದ. ಕಲ್ಲು ಮಾತ್ರ ಇಲ್ಲೇ ಇದೆ. ವಾಸ್ತುಶಿಲ್ಪಿ ಜಾನ್ ಸೋನ್ ತಮ್ಮ ಹೆಂಡತಿಗಾಗಿ ಕಟ್ಟಿದ ಸಮಾಧಿಯೂ ಅಲ್ಲಾಡಿಲ್ಲ. ಬ್ರಿಟನ್ನಿನ ಕೆಂಪು ಟೆಲಿಫೋನ್ ಬೂತಿನ ಗುಮ್ಮಟಕ್ಕೆ ಅದೇ ಮಾದರಿ ಎನ್ನುತ್ತಾರೆ. ನೋಡಿದರೆ ಹೌದೆನಿಸುತ್ತದೆ.

2000ದ ನಂತರ ರೈಲು ಮತ್ತೆ ಜಾಗ ಕೇಳಿತು. ಈ ಸಲ ಅಗೆದವರು ಪುರಾತತ್ವದವರು. ಸಿಕ್ಕವರಲ್ಲಿ ಫ್ರಾನ್ಸಿನ ನಾರ್ಬಾನ್‌ನ ಆರ್ಚ್‌ಬಿಷಪ್ ಆರ್ಥರ್ ಡಿಲನ್ ಕೂಡ ಇದ್ದರು. ಬಾಯಲ್ಲಿ ಪಿಂಗಾಣಿಯ ಹಲ್ಲು ಸೆಟ್ಟು ಹಾಗೇ ಇತ್ತು. ಫ್ರೆಂಚ್ ಕ್ರಾಂತಿಗೆ ಹೆದರಿ ದೇಶ ಬಿಟ್ಟವರು ಅವರು, 1806ರಲ್ಲಿ ಲಂಡನ್ನಿನಲ್ಲೇ ಸತ್ತರು. ಅವರನ್ನು ಎಬ್ಬಿಸಿದ್ದು ಫ್ರಾನ್ಸಿಗೆ ಹೋಗುವ ರೈಲಿನ ಕಾಮಗಾರಿ. 2007ರಲ್ಲಿ ಅವರನ್ನು ನಾರ್ಬಾನ್‌ನಲ್ಲಿ ಮತ್ತೆ ಮಣ್ಣು ಮಾಡಿದರು.