ಕನ್ನಡದಲ್ಲಿ ಬರೆದಿದ್ದು ಗೂಗಲ್‌ನಲ್ಲಿ ಯಾಕೆ ಸಿಗ್ತಿಲ್ಲ?

ಪ್ರಶ್ನೆ: ಸರ್, ನಮ್ದು ಮಂಡ್ಯ ಹತ್ರ ಹಳ್ಳಿ. ನಮ್ಮ ಆಲೆಮನೆ, ಬೆಲ್ಲದ ಬಗ್ಗೆ ಒಂದು ವರ್ಷದಿಂದ ಬ್ಲಾಗ್ ಬರೀತಿದೀನಿ, ಗೂಗಲ್‌ನಲ್ಲಿ ಹುಡುಕಿದ್ರೆ ಬರೋದೇ ಇಲ್ಲ. ದುಡ್ಡು ಕೊಡಿ, ಎಸ್‌ಇಒ (ಸರ್ಚಲ್ಲಿ ಮೇಲೆ ಬರೋ ಹಾಗೆ ಬ್ಲಾಗ್ ತಿದ್ದೋದು) ಮಾಡಿ ಫಸ್ಟ್ ತರ್ತೀನಿ ಅಂತ ಒಬ್ರು ಹೇಳ್ತಿದಾರೆ, ಕೊಡ್ಲಾ?

ಉತ್ತರ: ಕೊಡ್ಬೇಡಿ. ಮೊದಲನೇ ಸ್ಥಾನ ಗ್ಯಾರಂಟಿ ಅಂತ ಯಾರೂ ಹೇಳಕ್ಕಾಗಲ್ಲ ಅಂತ ಗೂಗಲ್ಲೇ ಹೇಳಿದೆ.

ಮೊದ್ಲು ನಿಮ್ಮ ಬರಹ ಗೂಗಲ್ ಲೆಕ್ಕಕ್ಕೆ ಸೇರಿದ್ಯಾ ನೋಡಿ, ಯಾಕಂದ್ರೆ ಸೇರದೇ ಇರೋದು ಬೇರೆ, ಸೇರಿ ಕೆಳಗಡೆ ಇರೋದು ಬೇರೆ. ಸರ್ಚ್ ಕನ್ಸೋಲ್ ಅಂತ ಗೂಗಲ್‌ದೇ ಇದೆ, ಪುಕ್ಕಟೆ, ಅದ್ರಲ್ಲಿ ನಿಮ್ಮ ಪುಟದ ವಿಳಾಸ ಹಾಕಿದ್ರೆ ಸೇರಿದ್ಯೋ ಇಲ್ವೋ, ಇಲ್ಲಾಂದ್ರೆ ಯಾಕಿಲ್ಲ ಅಂತ ಹೇಳುತ್ತೆ. ಎಷ್ಟೋ ಸಲ ಬ್ಲಾಗಿನ ಸೆಟ್ಟಿಂಗ್ಸಲ್ಲಿ 'ಸರ್ಚಲ್ಲಿ ತೋರಿಸ್ಬೇಡ' ಅನ್ನೋ ಟಿಕ್ ಹಾಗೇ ಉಳ್ಕೊಂಡಿರುತ್ತೆ.

ಆಮೇಲೆ ಕನ್ನಡದಲ್ಲಿ ಬರೆಯೋರಿಗೆ ಬರೋ ಒಂದು ತೊಂದ್ರೆ. 'ನುಡಿ', 'ಬರಹ' ಅನ್ನೋ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟಲ್ಲಿ ಟೈಪ್ ಮಾಡಿದ್ರೆ ಕಣ್ಣಿಗೆ 'ಬೆಲ್ಲ' ಅಂತ ಕಾಣುತ್ತೆ, ಆದ್ರೆ ಒಳಗಡೆ ಇರೋದು ಏನೇನೋ ಚಿಹ್ನೆ, ಗೂಗಲ್ ಓದೋದು ಆ ಚಿಹ್ನೇನೇ, ಹಂಗಾಗಿ 'ಬೆಲ್ಲ' ಅಂತ ಹುಡುಕಿದೋರಿಗೆ ನೀವು ಸಿಗೋದಾದ್ರೂ ಹೆಂಗೆ? ನಿಮ್ಮ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಲ್ಲಿ ಹಾಕಿ ನೋಡಿ. ಕನ್ನಡ ಬಂದ್ರೆ ಅದು ಯೂನಿಕೋಡ್, ಅಂದ್ರೆ ಯಾವ ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗೋ ಅಕ್ಷರ, ಚಿಂತೆ ಇಲ್ಲ. ಗೋಜಲು ಬಂದ್ರೆ ಎಲ್ಲಾನೂ ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಲೇಬೇಕು. ಬರೆದಿದ್ದನ್ನ ಫೋಟೋ ಮಾಡಿ ಹಾಕೋದೂ ಬೇಡ.

ಇನ್ನು ತಲೆಬರಹ, ಇದೇ ಮುಖ್ಯ. ನಾನು ಮೈಸೂರಲ್ಲಿದೀನಿ, ನಂಜನಗೂಡು ರಸಬಾಳೆಗೆ ಬಂದ ಪನಾಮ ಸೊರಗು ರೋಗದ ಬಗ್ಗೆ ಒಂದು ಬರಹ ಬರೆದು 'ಮರೆಯಾದ ಸಿಹಿ' ಅಂತ ಹೆಸರಿಟ್ಟಿದ್ದೆ, ತುಂಬ ಇಷ್ಟಪಟ್ಟು ಇಟ್ಟ ಹೆಸರು ಅದು, ಆದ್ರೆ ಯಾರೂ ಮರೆಯಾದ ಸಿಹಿ ಅಂತ ಹುಡುಕಲ್ವಲ್ಲ. 'ನಂಜನಗೂಡು ರಸಬಾಳೆ ಯಾಕೆ ಕಮ್ಮಿ ಆಯ್ತು' ಅಂತ ಬದಲಾಯಿಸಿದ್ಮೇಲೆ ಒಬ್ಬೊಬ್ರೇ ಬರೋಕೆ ಶುರುವಾದ್ರು. ನಿಮ್ಮ ಹತ್ರ ಬೆಲ್ಲ ತಗೊಳೋರು ಏನ್ ಕೇಳ್ತಾರೆ? ಕೆಮಿಕಲ್ ಇಲ್ದಿರೋ ಬೆಲ್ಲ ಕಂಡುಹಿಡಿಯೋದು ಹೆಂಗೆ, ಅಚ್ಚುಬೆಲ್ಲಕ್ಕೂ ಉಂಡೆಬೆಲ್ಲಕ್ಕೂ ಏನ್ ವ್ಯತ್ಯಾಸ, ಬಣ್ಣ ಯಾಕೆ ಕಪ್ಪು. ಆ ಮಾತೇ ತಲೆಬರಹ ಆಗ್ಲಿ, ಉತ್ತರ ಮೊದಲನೇ ಪ್ಯಾರಾದಲ್ಲೇ ಇರ್ಲಿ. ಜನ ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡ್ತಾರೆ, ನಮ್ಮೂರಿನ ಇಂಗ್ಲಿಷ್ ಹೆಸರು 2014ರಲ್ಲಿ Mysuru ಅಂತ ಬದಲಾದ್ರೂ ಎಷ್ಟೋ ಜನರ ಬೆರಳಲ್ಲಿ ಇನ್ನೂ ಹಳೇ Mysore ಇದೆ, ಅದಕ್ಕೆ ವಿಳಾಸದ ಲಿಂಕು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ, ಕನ್ನಡದ ಲಿಂಕು ಕಾಪಿ ಮಾಡಿದ್ರೆ ಶೇಕಡಾ ಚಿಹ್ನೆಗಳ ಬಾಲ ಆಗ್ಬಿಡುತ್ತೆ.

'ಬೆಲ್ಲ ಬೆಲ್ಲ ಮಂಡ್ಯ ಬೆಲ್ಲ' ಅಂತ ತುರುಕ್ಬೇಡಿ. ಕೀವರ್ಡ್ ಟ್ಯಾಗ್ (ಪುಟದ ಒಳಗಡೆ ಕಣ್ಣಿಗೆ ಕಾಣದ ಹಾಗೆ ಬರೆಯೋ ಪದಗಳ ಪಟ್ಟಿ) ನೋಡೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಾಗಿದೆ. ಫೋಟೋ ಸೈಜ್ ಕಮ್ಮಿ ಮಾಡಿ, ಅದ್ರಲ್ಲಿ ಏನಿದೆ ಅಂತ ಆಲ್ಟ್ ಟೆಕ್ಸ್ಟಲ್ಲಿ, ಅಂದ್ರೆ ಫೋಟೋ ಜೊತೆ ವಿವರಣೆ ಹಾಕೋ ಜಾಗದಲ್ಲಿ, ಒಂದು ಸಾಲು ಬರೀರಿ, ಮೊಬೈಲಲ್ಲಿ ಸರಿಯಾಗಿ ಕಾಣ್ಲಿ, ಹಳೇ ಬರಹಕ್ಕೆ ಹೊಸದ್ರಿಂದ ಲಿಂಕ್ ಕೊಡಿ, ಸಾಕು.

ನಿಮ್ಮ ಹತ್ರ ಇರೋದು ಬೇರೆಯವ್ರ ಹತ್ರ ಇಲ್ಲ ಅನ್ನೋದು ನಿಮಗೇ ಗೊತ್ತಿಲ್ಲ ಅನ್ಸುತ್ತೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯೋದು, ಬೆಳ್ಳಗೆ ಕಾಣ್ಲಿ ಅಂತ ಕೆಲವ್ರು ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕೋದು, ಪಾಕ ಬಂತು ಅಂತ ಕೈಯಲ್ಲಿ ನೋಡೋದು, ಇದನ್ನೆಲ್ಲ ಕಣ್ಣಾರೆ ಕಂಡೋರು ಬರೆದಿರೋದು ಕನ್ನಡದಲ್ಲಿ ನಾನು ನೋಡಿರೋದೇ ಕಮ್ಮಿ. ಸ್ವಂತ ಅನುಭವ ಇರೋ ಬರಹಕ್ಕೆ ಬೆಲೆ ಕೊಡೋ ಬದಲಾವಣೆ ಅಂತ ಗೂಗಲ್ 2022ರ ಆಗಸ್ಟಲ್ಲಿ ತಂದಿದ್ದು ಇಂಥದ್ದಕ್ಕೇ.

ಒಂದೆರಡು ತಿಂಗಳು ಬಿಟ್ಟು ಸರ್ಚ್ ಕನ್ಸೋಲಲ್ಲಿ ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಾಣಿಸ್ಕೊಂಡಿದೆ ಅಂತ ನೋಡಿ, ನೀವು ಉತ್ತರಾನೇ ಬರೀದಿರೋ ಪ್ರಶ್ನೆ ಅಲ್ಲಿ ಸಿಕ್ಕೇ ಸಿಗುತ್ತೆ, ಮುಂದಿನ ಬರಹ ಅದೇ. ಬೆಂಡೆಗಿಡದ್ದು ಮಾತ್ರ ಮೊದ್ಲು ಬರೀರಿ, ಹಾಕಿದ್ಮೇಲೆ ಲಿಂಕ್ ನಂಗೂ ಕಳ್ಸಿ.